ಕೆಂಪು ಕಾಣುವ ಮೊದಲು

ಠಪ್ ಅಂದಿತು, ಠಣ್ ಅನ್ನಬೇಕಿತ್ತು, ಮೇಜಿನ ಅಂಚಿನಿಂದ ಉರುಳಿದ ಕೋವಿಯ ಖಾಲಿ ತೋಟೆ ಶೆಡ್ಡಿನ ಸಿಮೆಂಟು ನೆಲಕ್ಕೆ ಬಿದ್ದು ಠಪ್ ಅಂತ ಒಂದೇ ಮಾತಾಡಿ ಬಿದ್ದಲ್ಲೇ ಬಿದ್ದುಕೊಂಡಿತು, ಹಿತ್ತಾಳೆ ಹಾಗೆ ಬೀಳುವುದಲ್ಲ, ಹಿತ್ತಾಳೆ ಬಿದ್ದರೆ ಕುಣಿಯುತ್ತದೆ, ಕುಣಿದು ಉರುಳಿ ಹುಲ್ಲು ಕತ್ತರಿಸುವ ಯಂತ್ರದ ಅಡಿಗೆ ಸೇರಿಕೊಂಡು ಹುಡುಕುವವನ ಮಂಡಿಯನ್ನು ನೆಲಕ್ಕೆ ಹಚ್ಚಿಸುತ್ತದೆ, ಇದು ಮಾತ್ರ ಆಲೂಗಡ್ಡೆ ಬಿದ್ದ ಹಾಗೆ— ಎರಲ್ ಚಹದ ಮಗ್ಗು ಹಿಡಿದವನು ಹಿಡಿದ ಹಾಗೇ ನಿಂತ, ಮೇಲೆ ತಗಡಿನ ಮಾಡಿನಲ್ಲಿ ಮ್ಯಾಗ್‌ಪೈ ಹಕ್ಕಿ ಗಂಟಲು ಸರಿಮಾಡಿಕೊಳ್ಳುತ್ತಿದೆ, ಮೂಲೆಯ ರೇಡಿಯೋದಲ್ಲಿ ಯಾರೋ ಇವತ್ತೂ ಮಳೆಯಿಲ್ಲ ಅನ್ನುತ್ತಿದ್ದಾನೆ, ಏನಿಲ್ಲ, ನೆಲದ ಮೇಲೆ ಚಿಂದಿ ಬಟ್ಟೆ ಇದ್ದಿರಬೇಕು, ಅದರ ಮೇಲೆ ಬಿದ್ದಿದೆ, ಬಗ್ಗಿ ತಡಕಿದ, ಬಟ್ಟೆಯಿಲ್ಲ, ಬರಿಯ ಸಿಮೆಂಟು, ತಣ್ಣಗಿದೆ, ತೋಟೆ ಕೈಗೆ ಸಿಕ್ಕಿತು, ಎತ್ತಿ ಮತ್ತೆ ಬೀಳಿಸಿದ, ಠಪ್. ಕಪಾಟಿನ ಜಾಡಿಯಿಂದ ಬೇರೊಂದನ್ನು ತೆಗೆದ, ಇನ್ನೂ ಬೆಂಕಿ ಕಾಣದ ಹೊಸತು, ಬೀಳಿಸಿದ, ಠಣ್ಣೆಂದು ಕುಣಿದು ಹೋಯಿತು, ಹೋಗಲಿ, ಮತ್ತೆ ಮೇಜಿನ ತಟ್ಟೆಯಿಂದ ಇನ್ನೊಂದು, ಠಪ್, ಇನ್ನೊಂದು, ಠಪ್, ಕಿವಿಗೇನಾಗಿಲ್ಲ, ಕಿವಿ ಇನ್ನೂ ನೆಟ್ಟಗಿದೆ, ಹಾಳು ಕಿವಿ ಇವತ್ತೊಂದು ದಿನ ಕೆಟ್ಟಿದ್ದರೂ ಆಗುತ್ತಿತ್ತು. ಈ ತಟ್ಟೆಯಲ್ಲಿರುವುದು ಉಳಿದದ್ದು. ಇದರ ಜೊತೆ ಕಾಯಿಸಿದ ಮಿಕ್ಕವೆಲ್ಲ ಮದ್ದು ಗುಂಡು ತುಂಬಿಕೊಂಡು ನೋಲಾಳ ಪೆಟ್ಟಿಗೆಯಲ್ಲಿವೆ, ನೋಲಾ ಆ ಪೆಟ್ಟಿಗೆ ಹಿಡಿದು ಬೆಳಿಗ್ಗೆಯೇ ಯೂಟ್ ಗಾಡಿ ಹತ್ತಿ ರೈಫಲ್ ಕ್ಲಬ್ಬಿನ ಪಂದ್ಯಕ್ಕೆ ಹೋಗಿದ್ದಾಳೆ, ಗಂಡ ತುಂಬಿಕೊಟ್ಟ ತೋಟೆ, ಕೋವಿಗೆ ಹಾಕಿ ಕೋವಿಯ ಮರಕ್ಕೆ ಕೆನ್ನೆ ಇಟ್ಟು ಗುರಿ ಹಿಡಿದು ಮಲಗುತ್ತಾಳೆ.

ಕೆನ್ನೆ ಬೇಡ, ಅದನ್ನು ಈಗ ನೆನೆಯುವುದು ಬೇಡ, ಮೊದಲು ಸರಿಯಾಗಿ ಯೋಚಿಸು, ತೋಟೆಯ ಕತ್ತು ಮೆತ್ತಗಿರಬೇಕು ಬುಡ ಗಟ್ಟಿಯಿರಬೇಕು, ಇಷ್ಟೇ ವಿದ್ಯೆ, ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಾನೆ ಇದೇ ಮೇಜಿನ ಮುಂದೆ ನಿಲ್ಲಿಸಿಕೊಂಡು, ತೋಟೆಯನ್ನು ಹೊಡೆದು ತುಂಬಿ ಮತ್ತೆ ಹೊಡೆದು ಮತ್ತೆ ತುಂಬಿದರೆ ಅದರ ಕತ್ತು ಪೆಡಸಾಗಿ ಬಿರಿಯುತ್ತದಪ್ಪ, ಅದಕ್ಕೇ ಹದವಾಗಿ ಕಾಯಿಸಬೇಕು, ಕಿಟಕಿಗೆ ಕಂಬಳಿ ಕಟ್ಟಿ ಶೆಡ್ಡು ಕತ್ತಲು ಮಾಡಿಕೊಂಡು, ಡ್ರಿಲ್ಲಿನ ಮೂತಿಗೆ ತೋಟೆ ಸಿಕ್ಕಿಸಿ ಮೆಲ್ಲಗೆ ತಿರುಗಿಸುತ್ತ, ಕತ್ತಿಗೆ, ಬರೀ ಕತ್ತಿಗೆ, ಗ್ಯಾಸಿನ ನೀಲಿ ಉರಿ ಹಿಡಿಯಬೇಕು, ಕೆಂಪಾಗಲೋ ಬೇಡವೋ ಅಂತ ಹಿತ್ತಾಳೆ ಇನ್ನೂ ಯೋಚಿಸುತ್ತಿರುವಾಗಲೇ ಬಕೆಟ್ಟಿನ ನೀರಿಗೆ ಕೆಡವಬೇಕು, ಚುಯ್ ಅನ್ನಬೇಕು, ಕೆಂಪು ಚೆನ್ನಾಗಿ ಕಂಡಿತು ಅಂದರೆ ನೀನಾಗಲೇ ತಡಮಾಡಿದೆ, ಕಾವು ಬುಡಕ್ಕೆ ಇಳಿದಿರುತ್ತದೆ, ಬುಡ ಮೆತ್ತಗಾಯಿತೋ ತೋಟೆ ಠಣ್ ಅನ್ನುವುದನ್ನೇ ಮರೆಯುತ್ತದೆ, ಮುಗಿಯಿತು, ಕೋವಿಯೊಳಗಿನ ಸ್ಫೋಟಕ್ಕೂ ನಿನ್ನ ಮುಖಕ್ಕೂ ನಡುವೆ ಇರುವುದು ಆ ಬುಡ ಒಂದೇ, ಹೀಗೆ ಹೇಳುವಾಗ ಮುಖ ಅನ್ನುವ ಮಾತಿಗೆ ಬಂದಾಗ ಎದುರಿಗಿದ್ದವನ ಕೆನ್ನೆ ತಟ್ಟುತ್ತಿದ್ದ, ಎಲ್ಲರೂ ನಗುತ್ತಿದ್ದರು, ಏನು ಗತ್ತು, ಏನು ಮೆರೆದಾಟ. ಕ್ಲಬ್ಬಿನ ಮರ್ವಿನ್ ಪಟ್ಟಣದಿಂದ ಕರೆಂಟಿನ ಯಂತ್ರ ತಂದಾಗ, ತೋಟೆ ಇಟ್ಟು ಗುಂಡಿ ಒತ್ತಿದರೆ ತಾನೇ ಹದ ನೋಡಿ ತಾನೇ ನಿಲ್ಲುವ ಯಂತ್ರ, ಕ್ಲಬ್ಬಿನವರೆಲ್ಲ ಸುತ್ತ ನಿಂತು ನೋಡುತ್ತಿದ್ದಾಗ ಎರಲ್ ಏನಂದ, ಮರ್ವಿನ್, ಇದ್ರಲ್ಲಿ ಬ್ರೆಡ್ಡೂ ಸುಡಬಹುದೇನೋ, ಅಂದ, ಅವತ್ತಿನಿಂದ ಅದರ ಹೆಸರು ಟೋಸ್ಟರ್ ಅಂತಲೇ ಆಯಿತು, ಮರ್ವಿನ್ ಸುಮ್ಮನೆ ಕಿವಿ ಕೆರೆದುಕೊಂಡಿದ್ದ. ಯಂತ್ರ ಕೊಳ್ಳಲಾಗದವರು ತೋಟೆಗೆ ಬಣ್ಣದ ಗೆರೆ ಬಳಿದುಕೊಳ್ಳುತ್ತಾರೆ, ಸರಿಯಾದ ಕಾವಿಗೆ ಗೆರೆ ಕರಗಿ ಹೇಳುತ್ತದೆ, ಸಾಕು ಅಂತ, ಅದಕ್ಕೂ ಅವನು ಉಗುರಿನ ಬಣ್ಣ ಅಂದಿದ್ದ, ಗಂಡಸಾಗಿ ಉಗುರಿಗೆ ಬಣ್ಣ ಹಚ್ಕೊಂಡ್ಯಲ್ಲೋ, ನಂಗೆ ಕಣ್ಣಿದೆ ಮಾರಾಯ, ಕಣ್ಣು.

ಕಣ್ಣು ಇತ್ತು. ಈಗ ನೋಡುವುದರ ನಟ್ಟನಡುವೆ ಯಾರೋ ಎಣ್ಣೆಗೈ ಒತ್ತಿದ ಹಾಗೆ ಒಂದು ಮಬ್ಬು, ಯಾವುದನ್ನು ನೋಡಬೇಕೋ ಅದನ್ನೇ ಮುಚ್ಚುತ್ತದೆ, ಅಂಚಿನದೆಲ್ಲ ಕಾಣುತ್ತದೆ, ಬೇಲಿ, ಬೇಲಿಯಾಚೆಯ ಕುರಿ, ಹಳದಿ ಹೂ ಬಿಟ್ಟ ವಾಟಲ್ ಗಿಡ, ಎದುರಿಗೆ ಬಂದವನ ಟೋಪಿ ಕಾಣುತ್ತದೆ ಕಿವಿ ಕಾಣುತ್ತದೆ ಮುಖ ಇರುವುದಿಲ್ಲ, ಚಳಿಗಾಲಕ್ಕೂ ಮುಂಚಿನಿಂದ ಹೀಗೆ, ಕನ್ನಡಕ ಒರೆಸಿದ, ಹನಿ ಹಾಕಿದ, ಒಂದು ಬೆಳಿಗ್ಗೆ ಗಾಡಿ ಹಿಂದಕ್ಕೆ ತೆಗೆಯುವಾಗ ತನ್ನದೇ ಅಂಚೆಪೆಟ್ಟಿಗೆಯ ಕಂಬ ಮುರಿದ, ನೋಲಾಗೆ ಹೇಳಿದ್ದು ಕಾಂಗರೂ ಗುದ್ದಿರಬೇಕು ಅಂತ, ಕಾಂಗರೂ. ಅವಳು ಮುರಿದ ಕಂಬ ನೋಡಿದಳು, ಗಾಡಿಯ ಹಿಂಬದಿ ನೋಡಿದಳು, ಹೌದಪ್ಪ ಈ ವರ್ಷ ಕಾಂಗರೂ ಜಾಸ್ತಿ, ಅಂದಳು, ಆಮೇಲೆ ಯಾವತ್ತೂ ಗಾಡಿಯ ಬೀಗದಕೈ ಮೊಳೆಯ ಮೇಲೆ ಇರಲಿಲ್ಲ, ಅವಳ ಅಂಗಿಯ ಜೇಬಿನಲ್ಲೇ ಇರುತ್ತಿತ್ತು, ನಾನೇ ಓಡಿಸ್ತೀನಿ ಬಿಡು, ನಿನ್ನ ಬೆನ್ನಿಗೆ ಒಳ್ಳೇದಲ್ಲ. ಬೆನ್ನು, ಹೌದು, ಬೆನ್ನುನೋವಿನ ಕತೆ ಕಟ್ಟಿದ್ದು ಅವನೇ, ಕ್ಲಬ್ಬಿನಲ್ಲಿ ಗುರಿ ಕಾಣದೆ ಪಕ್ಕದವನ ಗುರಿಗೆ ಹೊಡೆದ ದಿನ ಎದ್ದು ನಿಂತು ಸೊಂಟ ಹಿಡಿದುಕೊಂಡು ಮುಲುಗಿದ, ಅಯ್ಯೋ ಬೆನ್ನು, ಯಾರೂ ನಗಲಿಲ್ಲ, ಅದೇ ತಪ್ಪಾಯಿತು, ನಕ್ಕಿದ್ದರೆ ಅವತ್ತೇ ಬಾಯಿಬಿಡುತ್ತಿದ್ದನೋ ಏನೋ. ಕಣ್ಣಿಲ್ಲ ಅಂದರೆ ಗಾಡಿಯ ಪರವಾನಗಿ ಹೋಗುತ್ತದೆ, ಕೋವಿಯ ಪರವಾನಗಿ ಹೋಗುತ್ತದೆ, ಹೋಗಲಿ ಹಾಳಾಗಲಿ, ಆದರೆ ಈ ಮೇಜು, ನೋಲಾಳ ತೋಟೆ ನಾನೇ ತುಂಬೋದು ಅನ್ನುವ ಮಾತು, ಮದುವೆಯಾದ ಹೊಸದರಿಂದ ಅವಳು ಬೇರೆಯವರು ತುಂಬಿದ್ದನ್ನು ಹೊಡೆದವಳಲ್ಲ, ಟ್ರೋಫಿ ಗೆದ್ದು ಬಂದಾಗೆಲ್ಲ ಅದನ್ನು ಅಡುಗೆಮನೆಯಲ್ಲಿಡದೆ ಇಲ್ಲಿ ತಂದು ಈ ಕಪಾಟಿನ ಮೇಲಿಡುತ್ತಾಳೆ, ಅರ್ಧ ನಿಂದು, ಅಂತ, ಅದೊಂದು ಹೋದರೆ ಇವನಲ್ಲಿ ಉಳಿಯುವುದು ಚಹ ಕುಡಿಯುವ ಮುದುಕ.

ಈ ತಟ್ಟೆಯವನ್ನು ಕಾಯಿಸಿದ ಮಧ್ಯಾಹ್ನ ಕಂಬಳಿ ಕಟ್ಟಿ ಉರಿ ಹಚ್ಚಿ ಡ್ರಿಲ್ ತಿರುಗಿಸುತ್ತ ಕಾದ, ಕೆಂಪು ಬರಲಿಲ್ಲ, ಕತ್ತಲಲ್ಲಿ ನೀಲಿ ಕಾಣುತ್ತದೆ, ನೀಲಿಯ ನಡುವೆ ಮಬ್ಬು, ಮಬ್ಬಿನೊಳಗೆಲ್ಲೋ ತೋಟೆ, ಓರೆಗಣ್ಣು ಮಾಡಿದ, ತಲೆ ವಾಲಿಸಿದ, ಕೋಳಿಯ ಹಾಗೆ ಒಂದು ಕಣ್ಣಲ್ಲಿ ನೋಡಿದ, ಹಾ ಅಲ್ಲಿ ಸ್ವಲ್ಪ ಕೆಂಪು, ಈಗ ಕೆಡವು, ಚುಯ್, ಇನ್ನೊಂದು, ಈ ಹೊಸ ಗ್ಯಾಸ್ ಬುಡ್ಡಿ ಸರಿಯಿಲ್ಲ, ಉರಿಗೆ ಜೋರಿಲ್ಲ, ಅಂಗಡಿಯವನನ್ನು ಬೈದ, ಬೈಯುತ್ತ ಬೈಯುತ್ತ ಇನ್ನಷ್ಟು ಹೊತ್ತು ಹಿಡಿದ, ತೋಟೆ ಸಿಕ್ಕಿಸಿದ ಡ್ರಿಲ್ಲಿನ ಮೂತಿ ಮುಟ್ಟಿದಾಗ ಬೆರಳು ಚುರ್ ಅಂದಿತು, ಯಾವತ್ತೂ ಹಾಗೆ ಸುಡುವುದಿಲ್ಲ, ಬುಡದ ಕಡೆ ಅಷ್ಟು ಕಾವು ಇರಬಾರದು, ಇದು ಮೊದಲ ದಿನ ಕಲಿಯುವವನಿಗೂ ಗೊತ್ತು, ಬೆರಳು ಬಾಯಲ್ಲಿಟ್ಟುಕೊಂಡ, ಕೆಲಸ ಮುಂದುವರಿಸಿದ. ಮಾರನೆಯ ದಿನ ತೋಟೆಯನ್ನು ಆಕಾರಕ್ಕೆ ತರುವ ಅಚ್ಚಿಗೆ ಹಾಕಿ ಸನ್ನೆಕೋಲು ಎಳೆದರೆ ಕೋಲು ತಾನೇ ಇಳಿಯಿತು, ತೋಳಿನ ಬಲವನ್ನೇ ಕೇಳಲಿಲ್ಲ, ಬೆಣ್ಣೆ, ಗುಂಡು ಕೂರಿಸುವಾಗಲೂ ಹಾಗೇ, ಹಿಡಿತವೇ ಇಲ್ಲದೆ ಜಾರಿ ಕೂತಿತು, ಅವನಿಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅನ್ನಬೇಡ, ಈಗಲಾದರೂ ಅನ್ನಬೇಡ, ಶೆಡ್ಡಿನಲ್ಲಿ ನೀನೊಬ್ಬನೇ ಇದ್ದೀಯ, ತೋಳಿಗೆ ಗೊತ್ತಾಯಿತು, ಬೆರಳಿಗೆ ಗೊತ್ತಾಯಿತು, ತೋಳು ಬಂದು ಹೇಳಿದ್ದನ್ನು ನೀನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದೆ, ಇವತ್ತು ಕೈಯಲ್ಲಿ ಒಳ್ಳೇ ಕಸುವಿದೆ ಅಂದುಕೊಂಡೆ, ಶಿಳ್ಳೆ ಬೇರೆ ಹಾಕಿದೆ. ಥೂ.

ಹೋದ ಶನಿವಾರ ಅದರಲ್ಲೇ ಕೆಲವನ್ನು ಅವಳು ಅಭ್ಯಾಸಕ್ಕೆ ಒಯ್ದಿದ್ದಳು, ಏನೂ ಆಗಲಿಲ್ಲವಲ್ಲ, ನೆಟ್ಟಗೆ ಮನೆಗೆ ಬಂದಳಲ್ಲ, ಹಾಗಾದರೆ ಚೆನ್ನಾಗಿಯೇ ಇರಬೇಕು, ಕಿವಿಯದೇ ತಪ್ಪಿರಬೇಕು, ಅವನು ಬಾಗಿಲಲ್ಲೇ ಕಾಯುತ್ತಿದ್ದ, ಗಾಡಿಯ ಸದ್ದು ಕೇಳಿದ ಕೂಡಲೇ ಎದ್ದು ಬಂದು ನಿಂತಿದ್ದ, ಹೇಗಿತ್ತು, ಅಂದ, ತೋಟೆ ಹೇಗಿದ್ವು ಅಂತ ಕೇಳುತ್ತಿದ್ದೀಯೋ ನಾನು ಹೇಗಿದ್ದೆ ಅಂತಲೋ ಅಂದಳು, ಎರಡೂ ಅಂದ, ಅವಳು ಕೋವಿಯ ಚೀಲವನ್ನು ಗೋಡೆಗೆ ಒರಗಿಸಿದಳು, ಚೆನ್ನಾಗಿದ್ವು ಕಣೋ, ನಿನ್ನ ಕೈ ಎಲ್ಲಿ ಹೋಗುತ್ತೆ, ಅಂದಳು, ಅವನಿಗೆ ಎದೆ ಉಬ್ಬಿತು, ಅವಳ ಮುಖ ನೋಡಿದ, ಮುಖದಲ್ಲಿ ಮಬ್ಬು, ಕನ್ನಡಕದ ಕೆಳಗೆ ಬಲಗೆನ್ನೆಯ ಮೇಲೆ ಕಪ್ಪಗೆ ಹರಡಿಕೊಂಡಿತ್ತು, ಇವತ್ತು ಮಬ್ಬು ತೀರಾ ಕಪ್ಪಾಗಿದೆಯಲ್ಲ ಅಂತ ಹೆದರಿ ಬೇಗ ಬೇರೆ ಕಡೆ ನೋಡಿದ, ನೋಡಲಾರೆ ಅನ್ನುವುದು ಅವಳಿಗೆ ಗೊತ್ತಾಗದಿರಲಿ ಅಂತ ಬಗ್ಗಿ ಆ ಕೆನ್ನೆಗೇ ಮುತ್ತಿಟ್ಟ, ತುಟಿಗೆ ಸುಟ್ಟ ಮದ್ದಿನ ಕಹಿ ಹತ್ತಿತು, ಇರಲಿ, ಬಂದೂಕಿನ ಮೈದಾನದಿಂದ ಬಂದವಳು ಗುಲಾಬಿಯ ಹಾಗೆ ಘಮಘಮಿಸುತ್ತಾಳೆಯೇ, ಅವಳು ಸರಕ್ಕನೆ ಮುಖ ತೊಳೆಯಲು ಒಳಗೆ ಹೋದಳು, ನಲ್ಲಿ ತುಂಬ ಹೊತ್ತು ಹರಿಯಿತು.

ರೇಡಿಯೋದಲ್ಲಿ ಹತ್ತು ಗಂಟೆಯ ಸುದ್ದಿ, ಹತ್ತಕ್ಕೆ ಪಂದ್ಯ, ಓಡು, ಮಗ್ಗು ಎಲ್ಲಿಟ್ಟನೋ ಬಿದ್ದು ಒಡೆಯಿತು, ಅಂಗಳ ದಾಟಿ ಅಡುಗೆಮನೆ, ಗೋಡೆಯ ಫೋನು, ಅವಳ ನಂಬರು ಬೆರಳಿಗೆ ಬಾಯಿಪಾಠ, ಒತ್ತಿದ, ಬೆನ್ನ ಹಿಂದೆಯೇ ರಿಂಗಾಯಿತು, ಬ್ರೆಡ್ಡಿನ ಡಬ್ಬಿಯ ಪಕ್ಕ ಮೊಬೈಲು ಬಿಟ್ಟು ಹೋಗಿದ್ದಾಳೆ, ಪಂದ್ಯದ ದಿನ ಅವಳು ಅದನ್ನು ಒಯ್ಯುವುದಿಲ್ಲ. ಗಾಡಿ ಇದ್ದಿದ್ದರೆ, ಗಾಡಿ ಇದ್ದು ಏನು, ಕಂಬ ಕಾಣದವನಿಗೆ ದಾರಿ ಕಾಣುತ್ತದೆಯೇ, ಕ್ಲಬ್ಬಿನ ಗುಡಿಸಲಿನಲ್ಲಿ ಫೋನಿದೆ, ಚಹ ಮಾಡುವವರು ಯಾರಾದರೂ ಎತ್ತುತ್ತಾರೆ, ಎತ್ತಿದರೆ ಏನನ್ನಲಿ, ಮದ್ದಿನ ತೂಕ ತಪ್ಪಿದೆ ಅನ್ನಲೇ, ಅಷ್ಟು ಸಾಕು, ತಕ್ಷಣ ನಿಲ್ಲಿಸುತ್ತಾರೆ, ತಕ್ಕಡಿ ಕೈಕೊಟ್ಟಿತು ಅಂದರಾಯಿತು, ಯಾರಿಗಾದರೂ ಆಗಬಹುದಾದ ತಪ್ಪು, ನಾಲ್ಕು ದಿನ ರೇಗಿಸುತ್ತಾರೆ, ಕಣ್ಣಿನ ಮಾತು ಬರುವುದೇ ಇಲ್ಲ, ಹೆಂಡತಿಯ ಮುಖದ ಮುಂದೆ ಸಿಡಿಯುವಂಥದ್ದನ್ನು ಕೊಟ್ಟು ಕಳಿಸಿ ಇವನಿಲ್ಲಿ ಯಾವ ಸುಳ್ಳು ಚೆನ್ನಾಗಿ ಒಪ್ಪುತ್ತದೆ ಅಂತ ಆರಿಸುತ್ತ ನಿಂತಿದ್ದಾನೆ, ಬಟ್ಟೆ ಅಂಗಡಿಗೆ ಹೋದವನ ಹಾಗೆ, ನಾಚಿಕೆಯಾಯಿತು, ನಾಚಿಕೆಯಾದರೂ ಆರಿಸುವುದು ನಿಲ್ಲಲಿಲ್ಲ, ಬೆರಳು ಮಾತ್ರ ಅಷ್ಟರಲ್ಲಿ ನಂಬರು ಒತ್ತಿತ್ತು.

ಹಲೋ, ರೈಫಲ್ ಕ್ಲಬ್, ಅಂದಿತು ದನಿ, ಮರ್ವಿನ್, ಇಡೀ ಊರಲ್ಲಿ ಇವತ್ತು ಚಹದ ಸರದಿ ಇವನದೇ ಆಗಬೇಕಿತ್ತೇ, ಎರಲ್ ಬಾಯಿ ತೆರೆದ, ಹಳೆಯ ಚಾಳಿ ನಾಲಿಗೆಯ ತುದಿಯಲ್ಲೇ ಕೂತಿತ್ತು, ಏನಪ್ಪಾ, ಟೋಸ್ಟರ್ ಹೇಗಿದೆ, ಅಂದುಬಿಟ್ಟ, ಈ ಹೊತ್ತಿನಲ್ಲಿ, ಈ ಬಾಯಿಗೆ ಹುಳ ಬೀಳಬೇಕು, ಚೆನ್ನಾಗಿದೆ ಮಾರಾಯ, ಅಂದ ಮರ್ವಿನ್, ನಿನ್ನ ಬೆನ್ನು ಹೇಗಿದೆ, ಲ್ಯಾಮಿಂಗ್ಟನ್ ಕೇಕ್ ತಂದಿದೀವಿ, ನೋಲಾ ಕೈಲಿ ನಿಂಗೆರಡು ಕಳಿಸ್ತೀನಿ, ನೋಲಾ ಎಲ್ಲಿ, ಕೇಳಿದ ಎರಲ್, ಇಲ್ಲೇ, ದಿಬ್ಬದ ಮೇಲೆ ಮಲಗಾಯ್ತು, ಕಿಟಕೀಲಿ ಕಾಣ್ತಿದಾಳೆ, ಕೆನ್ನೆ ಇಟ್ಟಾಯ್ತು, ಇನ್ನೇನು ಶುರು, ಆಮೇಲೆ ಮಾಡಿಸಲಾ ಫೋನು, ಮದ್ದಿನ ತೂಕ, ಅಂದ ಎರಲ್, ಏನು, ಕೆಟಲ್ ಕೂಗ್ತಿದೆ ಕಣೋ ಕೇಳಿಸ್ತಿಲ್ಲ, ಏನಂದೆ, ಸುಳ್ಳನ್ನು ಎರಡನೇ ಸಲ ಹೇಳಬೇಕಾಯಿತು, ಎರಡನೇ ಸಲಕ್ಕೆ ಅದು ಗಂಟಲಿಂದ ಏಳಲಿಲ್ಲ, ಕೆನ್ನೆ ಇಟ್ಟಾಯ್ತು ಅಂದನಲ್ಲ ಮರ್ವಿನ್, ಕೆನ್ನೆ, ನರೆಗೂದಲು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮರಕ್ಕೆ ಒತ್ತಿ— ನಿಲ್ಲಿಸು ಅವಳನ್ನ, ಬುಡ ಬೆಂದುಹೋಗಿದೆ, ತೋಟೇದು, ಎಲ್ಲದ್ರದ್ದೂ, ನಂಗೆ ಕೆಂಪು ಕಾಣಲ್ಲ ಮರ್ವಿನ್, ನಂಗೆ ಕಣ್ಣು ಕಾಣಲ್ಲ, ನಾನೇ ಸುಟ್ಟೆ, ಓಡು. ಫೋನು ಗೋಡೆಗೆ ಬಡಿದ ಸದ್ದು, ತೂಗಾಡಿ ಮತ್ತೆ ಬಡಿಯಿತು, ಬೂಟು, ಜಾಲರಿ ಬಾಗಿಲು ಪಟ್ ಅಂದಿತು, ದೂರದಲ್ಲಿ ಮರ್ವಿನ್ ಕಿರಿಚುತ್ತಿದ್ದಾನೆ, ನಿಲ್ಸಿ, ಎಲ್ರೂ ನಿಲ್ಸಿ, ಆಮೇಲೆ ಢಂ. ಒಂದು ಗುಂಡು. ಯಾರದು, ಸಾಲಿನಲ್ಲಿ ಎಷ್ಟೋ ಜನ ಮಲಗಿರುತ್ತಾರೆ, ಯಾರದಾದರೂ ಇರಬಹುದು, ಅದಾದ ಮೇಲೆ ಏನೂ ಇಲ್ಲ, ಕೆಟಲ್ ಒಂದೇ ಕೂಗುತ್ತಿದೆ, ಯಾರೂ ಅದನ್ನು ಇಳಿಸುತ್ತಿಲ್ಲ, ದೇವರೇ ಕಣ್ಣು ಪೂರ್ತಿ ತಗೊ, ಎರಡೂ ತಗೊ, ಅಂಚಿನದೂ ಬೇಡ, ಹಣೆಯನ್ನು ಗೋಡೆಗೆ ಒತ್ತಿ ನಿಂತ, ಗೋಡೆಯ ಸುಣ್ಣದಲ್ಲೂ ಮಬ್ಬು, ಟೋಸ್ಟರ್ ಅಂದೆನಲ್ಲ, ಆ ಒಂದು ಮಾತಿನ ಹೊತ್ತು, ತೂಕ ಅಂದೆನಲ್ಲ, ಆ ಹೊತ್ತು, ಅಷ್ಟು ಹೊತ್ತು ಸಾಕು ಅವಳಿಗೆ, ಅವಳು ಉಸಿರು ಬಿಟ್ಟು ಕೋವಿಯ ಕುದುರೆ ಎಳೆದು ಗುಂಡು ಹಾರಿಸಲು.

ಕೆಟಲ್ ನಿಂತಿತು. ಯಾರೋ ಇಳಿಸಿದರು. ಫೋನನ್ನು ಎತ್ತಿಕೊಂಡವರ ಏದುಸಿರು, ಆ ಏದುಸಿರು ಅವನಿಗೆ ಗೊತ್ತು, ಎಲ್ಲಿ ಕೇಳಿದರೂ ಗೊತ್ತು, ಎರಲ್, ಅಂದಳು, ಅವನು ಬೆಂಚಿನ ಮೇಲೆ ಕೂತ, ಹೊಡೆದದ್ದು ನಾನಲ್ಲ, ಆ ಕೊನೇ ಜಾಗದವನು, ಅವನಿಗೆ ಕೇಳಿಸಲಿಲ್ಲ, ನಂದು ಇನ್ನೂ ಒಳಗೇ ಇತ್ತು, ತೆಗೆದಿಟ್ಟೆ, ನೋಲಾ, ನಾನು, ಅಂದ ಎರಲ್, ಗೊತ್ತಾಯ್ತು, ಅಂದಳು, ಮರ್ವಿನ್ ಹೇಳ್ದ, ಇಡೀ ಮೈದಾನಕ್ಕೆ ಕೇಳೋ ಹಾಗೆ ಹೇಳ್ದ ಪುಣ್ಯಾತ್ಮ, ಅಂದು ನಗಲು ಹೋದಳು, ನಗು ಬರಲಿಲ್ಲ, ಕಂಬದ ದಿನಾನೇ ಗೊತ್ತಿತ್ತು ಕಣೋ, ಕಣ್ಣಿಂದು, ಅಂದಳು, ತೋಟೇದು ಹೋದ ಶನಿವಾರ ಗೊತ್ತಾಯ್ತು, ಕೋವಿಯ ಬೋಲ್ಟಿನ ಹಿಡಿ ಎತ್ತೋಕೆ ಬರ್ತಿರಲಿಲ್ಲ, ಅಂಗೈಲಿ ಗುದ್ದಿ ಎತ್ತಿದೆ, ಎರಡು ತೋಟೇಲಿ ಹಿಂದ್ಗಡೆಯಿಂದ ಹೊಗೆ ನುಗ್ಗಿ ಮುಖಕ್ಕೇ ಬಂತು, ಕನ್ನಡಕ ಇತ್ತು ಅಂತ ಕಣ್ಣು ಉಳೀತು, ಕೆನ್ನೆ ಕಪ್ಪಾಗಿತ್ತು, ಮತ್ಯಾಕೆ ಇವತ್ತು ಒಯ್ದೆ, ಅಂದ ಎರಲ್, ದನಿ ತನ್ನದಲ್ಲದ ಹಾಗಿತ್ತು, ಮತ್ಯಾಕೆ ನೋಲಾ, ಹಿಂದೆ ಯಾರೋ ಚಹದ ಲೋಟಗಳನ್ನು ಜೋಡಿಸುವ ಸದ್ದು, ಅವತ್ತೇ ಹೇಳಬೇಕು ಅಂತ್ಲೇ ಬಂದೆ, ಅಂದಳು ನೋಲಾ, ದಾರೀಲಿ ಮಾತೆಲ್ಲ ಜೋಡಿಸ್ಕೊಂಡು ಬಂದೆ, ನೀನು ಬಾಗಿಲಲ್ಲಿ ನಿಂತಿದ್ದೆ, ಹೇಗಿತ್ತು ಅಂದೆ, ಆ ಮುಖ ನೋಡಿ ನಂಗೆ ಬಾಯಿ ಬರಲಿಲ್ಲ, ಇದೊಂದು ಪಂದ್ಯ ಮುಗಿಸಿ ಹೇಳೋಣ ಅಂದ್ಕೊಂಡೆ, ಅಷ್ಟೇ, ತಪ್ಪಾಯ್ತು, ನೀನು ಮುತ್ತಿಡೋಕೆ ಬಗ್ಗಿದಾಗ ಕಪ್ಪು ಕಾಣುತ್ತೆ ಅಂತ ಹೆದರಿದ್ದೆ, ನಿಂಗೆ ಕಾಣಲಿಲ್ಲ. ಕಂಡಿತ್ತು, ಅನ್ನಬೇಕೆಂದುಕೊಂಡ, ಕಂಡಿತ್ತು ನೋಲಾ, ಕಂಡದ್ದು ನನ್ನ ಕಣ್ಣಿನದು ಅಂದುಕೊಂಡೆ, ಆದರೆ ಕಣ್ಣಿನ ಮಬ್ಬಾದರೆ ಕಣ್ಣು ಹೊರಳಿಸಿದ ಕಡೆ ಜೊತೆಗೇ ಬರುತ್ತದೆ, ಬೇಲಿ ನೋಡಿದರೆ ಬೇಲಿಗೆ ಬರುತ್ತದೆ ಗೋಡೆ ನೋಡಿದರೆ ಗೋಡೆಗೆ, ಅವತ್ತು ಅವನು ಕಣ್ಣು ಹೊರಳಿಸಿ ಬಾಗಿಲಾಚೆಯ ಗಾಡಿಯ ಕಡೆ ನೋಡಿದಾಗ ಓರೆಗಣ್ಣಿನಲ್ಲಿ ಆ ಕಪ್ಪು ಇದ್ದಲ್ಲೇ ಇತ್ತು, ಅವಳ ಕೆನ್ನೆಯಲ್ಲೇ ಇತ್ತು, ಎರಲ್, ಇದೀಯಾ, ಮನೆಗೆ ಬರ್ತಿದೀನಿ, ಏನೂ ಮುಟ್ಟಬೇಡ, ಕೂತ್ಕೋ, ಕೇಳಿಸ್ತಾ, ಅವನ ತುಟಿಯಲ್ಲಿ ಕಹಿ, ಸುಟ್ಟ ಮದ್ದು, ಬಗ್ಗಿ ಮುತ್ತಿಟ್ಟಿದ್ದ, ಕನ್ನಡಕದ ಕೆಳಗೆ, ಬಲಗೆನ್ನೆ, ಹೊರಳಿಸಿದರೂ ಹೊರಳದ ಕಪ್ಪು, ಕೆನ್ನೆಯ ಮೇಲಿನ ಕಪ್ಪು, ಕೆನ್ನೆ